ಗುಮ್ಮಟ ಆಮೇಲೆ ನೋಡಿ, ಮೊದಲು ಮೂಲೆ ನೋಡಿ

"ಗೋಡೆ ಚೌಕ. ಗುಮ್ಮಟ ಗುಂಡು. ಮೂಲೆಗೇನ್ ಮಾಡಾನ, ಹೇಳವ್ವ?"

ನಾಗಮಂಗಲದ ಕಡೆ ಒಂದು ಹಳ್ಳಿಯಲ್ಲಿ ಹಳೇ ದರ್ಗಾ ಬಿಚ್ಚಿ ಹೊಸದಾಗಿ ಕಟ್ಟುವಾಗ ನಮ್ಮ ಮೇಸ್ತ್ರಿ ಕೇಳಿದ ಪ್ರಶ್ನೆ ಇದು. ಕೋಣೆ ಹತ್ತಡಿಗೆ ಹತ್ತಡಿ. ಗುಮ್ಮಟ ಇಟ್ಟಿಗೆಯದ್ದೇ ಆಗಬೇಕು, ಮೋಲ್ಡ್ ಹಾಕುವುದು ಬೇಡ ಅಂತ ಊರಿನ ಹಿರಿಯರು ಮೊದಲೇ ಹೇಳಿದ್ದರು. ಗೋಡೆ ಎಂಟಡಿ ಎದ್ದಿತ್ತು. ಮೇಸ್ತ್ರಿ ಸಾರವೆ ಮೇಲೆ ಕೂತು, ಕರಣೆ ಪಕ್ಕಕ್ಕಿಟ್ಟು, ನನ್ನ ಕಡೆ ನೋಡುತ್ತಿದ್ದರು.

ಮಂಡ್ಯದ ನೂರಡಿ ರಸ್ತೆ ಹತ್ತಿರ ನನ್ನದೊಂದು ಸಣ್ಣ ಆಫೀಸು. ಸಿವಿಲ್ ಡಿಪ್ಲೊಮಾ ಮುಗಿಸಿದಾಗಿನಿಂದ ಮನೆ ಪ್ಲಾನ್ ಹಾಕುವುದೇ ಕೆಲಸ. ಮೂವತ್ತು ನಲವತ್ತು ಸೈಟು, ಕೆಳಗೆ ಕಾರು ನಿಲ್ಲಿಸೋಕೆ ಜಾಗ, ಮೇಲೆ ಬಾಡಿಗೆ ಮನೆ. ನಮ್ಮಲ್ಲಿಗೆ ಬರುವವರು ಮೂಲೆ ಬಗ್ಗೆ ಮಾತಾಡುವುದು ವಾಸ್ತು ವಿಚಾರಕ್ಕೆ ಮಾತ್ರ. ಅಗ್ನಿ ಮೂಲೆಗೆ ಅಡುಗೆಮನೆ ಬರಬೇಕು, ಈಶಾನ್ಯ ಖಾಲಿ ಇರಬೇಕು, ಕುಬೇರ ಮೂಲೆ ಭಾರ ಇರಬೇಕು. ಕಟ್ಟಡದ ಲೆಕ್ಕದಲ್ಲಿ ಮೂಲೆ ಏನು ಕೆಲಸ ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಸ್ಲ್ಯಾಬ್ ಬಂದ ಮೇಲೆ ಕೇಳುವ ಅಗತ್ಯವೂ ಇಲ್ಲ. ಆದರೆ ಏಳೆಂಟು ನೂರು, ಸಾವಿರ ವರ್ಷ ಹಿಂದೆ ಬುಖಾರಾದಲ್ಲಿ, ಇಸ್ಫಹಾನ್‌ನಲ್ಲಿ, ಕೊನ್ಯಾದಲ್ಲಿ ಕಟ್ಟಡ ಕಟ್ಟಿದವರು ತಲೆ ಕೆಡಿಸಿಕೊಂಡಿದ್ದೇ ಈ ಮೂಲೆಗೆ. ಮಧ್ಯಯುಗದ ಇಸ್ಲಾಮಿ ಕಟ್ಟಡಗಳ ಬಗ್ಗೆ ನನಗೆ ಇರುವ ಹುಚ್ಚೆಲ್ಲ ಅಲ್ಲೇ ಶುರು.

ಮೊದಲು ಲೆಕ್ಕ ನೋಡಿಬಿಡೋಣ. ಹತ್ತಡಿ ಚೌಕ ಅಂದರೆ 100 ಚದರಡಿ. ಅದರೊಳಗೆ ಹತ್ತಡಿ ಅಗಲದ ವೃತ್ತ ಬರೆದರೆ 78.5 ಚದರಡಿ. ವೃತ್ತ ನಾಲ್ಕು ಗೋಡೆಗಳ ನಡುಮಧ್ಯ ಮಾತ್ರ ತಾಗುತ್ತದೆ. ಉಳಿದ 21.5 ಚದರಡಿ ನಾಲ್ಕು ಮೂಲೆಗಳಲ್ಲಿ ಹಂಚಿಹೋಗುತ್ತದೆ. ಅಲ್ಲಿ ಗುಮ್ಮಟದ ಅಂಚಿಗೆ ಕೆಳಗೆ ಆಸರೆಯೇ ಇಲ್ಲ, ಬರೀ ಗಾಳಿ.

ಈಗ ಪ್ರತಿ ಮೂಲೆಗೂ ಅಡ್ಡಲಾಗಿ ಒಂದು ಕಮಾನು ಹಾಕಿ. ಮೂಲೆಯಿಂದ ಎರಡೂ ಗೋಡೆ ಮೇಲೆ 2 ಅಡಿ 11 ಇಂಚು ಅಳೆದು ಗುರುತು ಮಾಡಿ. ಗುರುತಿನಿಂದ ಗುರುತಿಗೆ ಕಮಾನು ಎತ್ತಿದರೆ ಅದರ ಅಗಲ 4 ಅಡಿ ಒಂದೂಮುಕ್ಕಾಲು ಇಂಚು ಬರುತ್ತದೆ. ನಾಲ್ಕು ಗೋಡೆಯ ಚೌಕ ಎಂಟು ಸಮ ಬದಿಯ ಆಕಾರ ಆಯಿತು. ಈಗ ಆಸರೆ ಇಲ್ಲದೆ ಉಳಿದ ಜಾಗ ಎಷ್ಟು ಗೊತ್ತಾ? ಬರೀ 4.3 ಚದರಡಿ. ಆ ಎಂಟು ಮೂಲೆಗಳನ್ನು ಇನ್ನೊಂದು ಸಲ ಕತ್ತರಿಸಿ ಹದಿನಾರು ಮಾಡಿದರೆ ಉಳಿಯುವುದು ಸುಮಾರು ಒಂದು ಚದರಡಿ. ಅಷ್ಟನ್ನು ಇಟ್ಟಿಗೆಯ ತುದಿ ಸ್ವಲ್ಪ ಮುಂದೆ ಚಾಚಿ ಗಾರೆಯಲ್ಲೇ ಮುಚ್ಚಬಹುದು.

ನಾಲ್ಕು, ಎಂಟು, ಹದಿನಾರು, ಆಮೇಲೆ ವೃತ್ತ. ಇಷ್ಟೇ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬದಲಾಗುವುದು ಈ ಮೆಟ್ಟಿಲು ಹತ್ತಿದ ರೀತಿ.

ನಮ್ಮ ಮೇಸ್ತ್ರಿ ಹತ್ತಿದ ರೀತಿ ಹೇಳುತ್ತೇನೆ. ಮೂಲೆಗೆ ಅಡ್ಡ ಹಾಕುವ ಈ ಕಮಾನಿಗೆ ಕಟ್ಟಡದವರು ಸ್ಕ್ವಿಂಚ್ ಅನ್ನುತ್ತಾರೆ. ನಾವು ಸೈಟಿನಲ್ಲಿ ಮೂಲೆಗಮಾನು ಅಂದುಕೊಂಡೆವು. ಮೊದಲು ಮೂಲೆಯ ತುದಿಗೆ ಒಂದೇ ಒಂದು ಇಟ್ಟಿಗೆ ಅಡ್ಡ ಕೂರಿಸಿದರು. ಅದರ ಮುಂದೆ ಅಂಗೈಯಗಲದ ಪುಟ್ಟ ಕಮಾನು. ಅದಕ್ಕೆ ಒರಗಿಸಿ ಇನ್ನೊಂದು, ಸ್ವಲ್ಪ ದೊಡ್ಡದು. ಅದರ ಮುಂದೆ ಮತ್ತೊಂದು. ಪ್ರತಿ ಸಾಲೂ ಹಿಂದಿನ ಸಾಲಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ಹಾಗಾಗಿ ಕೆಳಗೆ ಸೆಂಟ್ರಿಂಗ್ ಹಲಗೆ ಬೇಕಾಗಲಿಲ್ಲ. ಕಮಾನಿನ ಕಾಲುಗಳು ಎರಡೂ ಗೋಡೆ ಮೇಲೆ ಸಾಲು ಸಾಲಾಗಿ ಹೊರಗೆ ಸರಿಯುತ್ತಾ ನಮ್ಮ ಗುರುತಿಗೆ ಬಂದು ನಿಂತವು. ಕೆಳಗೆ ನಿಂತು ನೋಡಿದರೆ ಮೂಲೆಯೊಳಗೆ ಒಂದು ಅರ್ಧ ಶಂಕು ಕೂತಿತ್ತು. ತುದಿ ಮೂಲೆಯಲ್ಲಿ, ಬಾಯಿ ನಮ್ಮ ಕಡೆ.

ಇರಾನಿನ ಕೆಲಸಗಾರರಿಗೆ ಒಂದು ಅನುಕೂಲ ಇತ್ತು. ಅವರು ಜಿಪ್ಸಂ ಗಾರೆ ಬಳಸುತ್ತಿದ್ದರು, ಅದು ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಇಟ್ಟಿಗೆ ಇಟ್ಟು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೆ ಸಾಕು. ನಮ್ಮ ಸುಣ್ಣ ಬಹಳ ನಿಧಾನ. ಅದಕ್ಕೇ ಮೇಸ್ತ್ರಿ ಸುಣ್ಣ-ಸುರ್ಕಿಗೆ (ಸುರ್ಕಿ ಅಂದರೆ ಇಟ್ಟಿಗೆ ಪುಡಿ) ಸ್ವಲ್ಪ ಸಿಮೆಂಟ್ ಬೆರೆಸಿದರು. ದಿನಕ್ಕೆ ಎರಡು ಮೂರು ಸಾಲಿಗಿಂತ ಜಾಸ್ತಿ ಏರಿಸಲಿಲ್ಲ.

ಮೂಲೆಗಮಾನು ಇಸ್ಲಾಂ ಬರುವುದಕ್ಕೂ ಮುಂಚಿನದು. ಇರಾನಿನ ಫಿರೂಜಾಬಾದ್‌ನಲ್ಲಿ ಸಸಾನಿ ದೊರೆ ಮೊದಲನೇ ಅರ್ದಶೀರ್ ಮೂರನೇ ಶತಮಾನದಲ್ಲಿ ಕಟ್ಟಿಸಿದ ಅರಮನೆಯಲ್ಲೇ ಇದು ಇದೆ. ಅಲ್ಲಿ ಅದು ಬರೀ ಕೆಲಸದ ಭಾಗ. ಒರಟು ಕಲ್ಲಿನಲ್ಲಿ ಕಟ್ಟಿ ಮೇಲೆ ಗಾರೆ ಬಳಿದಿದ್ದಾರೆ. ಕೆಲಸದ ಭಾಗವನ್ನೇ ಚೆಂದ ಮಾಡಬೇಕು ಅನ್ನುವ ಆಸೆ ಹುಟ್ಟಿದ್ದು ಮುಂದಿನ ಶತಮಾನಗಳಲ್ಲಿ.

ಈ ಆಸೆ ನನಗೆ ಮೊದಲು ಕಾಣುವುದು ಉಜ್ಬೇಕಿಸ್ತಾನದ ಬುಖಾರಾದಲ್ಲಿ. ಅಲ್ಲಿ ಸಮಾನಿ ದೊರೆಗಳ ಗೋರಿ ಇದೆ. ಹತ್ತನೇ ಶತಮಾನದ್ದು. ಒಂದೊಂದು ಬದಿ ಸುಮಾರು ಹತ್ತು ಮೀಟರ್, ಅಂದರೆ ವಿಸ್ತೀರ್ಣದಲ್ಲಿ ಹೆಚ್ಚುಕಮ್ಮಿ ನಮ್ಮ ಮೂವತ್ತು ನಲವತ್ತು ಸೈಟಿನಷ್ಟು. ಪೂರ್ತಿ ಸುಟ್ಟ ಇಟ್ಟಿಗೆ. ಬಣ್ಣ ಇಲ್ಲ, ಗೋಡೆಗೆ ಹಾಕುವ ಹೆಂಚು (ಟೈಲ್ಸ್) ಇಲ್ಲ. ಇಟ್ಟಿಗೆಯನ್ನೇ ಅಡ್ಡ, ಉದ್ದ, ಓರೆ ಇಟ್ಟು ಗೋಡೆಯೆಲ್ಲ ನೇಯ್ಗೆಯ ವಿನ್ಯಾಸ ತಂದಿದ್ದಾರೆ. ಒಳಗೆ ಮೂಲೆಗಮಾನಿನ ಬೆನ್ನಿಗೆ ಅರ್ಧ ಕಮಾನೊಂದನ್ನು ಆನಿಸಿದ್ದಾರೆ, ಭಾರ ನೇರ ಮೂಲೆಗೇ ಇಳಿಯಲಿ ಅಂತ. ಮೂಲೆಯನ್ನು ಮುಚ್ಚಿಡುವ ಬದಲು ಹೀಗೆ ತೆರೆದು ತೋರಿಸಿದ್ದಾರೆ. ನಾನು ಅಲ್ಲಿಗೆ ಹೋದವಳಲ್ಲ. ಆದರೆ ಅದರ ನಕ್ಷೆ, ಸೆಕ್ಷನ್ ನೋಡಿ ನೋಡಿ ಆ ಮೂಲೆಯನ್ನು ಕಣ್ಣು ಮುಚ್ಚಿ ಬರೆಯಬಲ್ಲೆ.

ಅದೇ ದೇಶದಲ್ಲಿ ತಿಮ್ ಅಂತ ಒಂದು ಸಣ್ಣ ಊರು. ಅಲ್ಲಿನ ಅರಬ್-ಅತಾ ಗೋರಿ ಕಟ್ಟಿದ್ದು 977-78ರಲ್ಲಿ. ಹೊರಗಿನಿಂದ ದೊಡ್ಡ ಹೆಸರಿನ ಕಟ್ಟಡ ಅಲ್ಲ. ಆದರೆ ಅದರ ಮೂಲೆಯಲ್ಲಿ ಒಂದು ಹೊಸ ಯೋಚನೆ ಇದೆ. ಒಂದು ದೊಡ್ಡ ಕಮಾನಿನ ಜಾಗವನ್ನು ಮೂರು ಭಾಗ ಮಾಡಿದ್ದಾರೆ. ನಡುವೆ ಒಂದು ಕಿರಿದಾದ ಕಮಾನು, ಎಡಬಲಕ್ಕೆ ಕಾಲು ಗುಮ್ಮಟದಂಥ ಎರಡು ತುಣುಕು. ಒಂದೇ ಹೆಗಲು ಹೊರುತ್ತಿದ್ದ ಭಾರವನ್ನು ಮೂರು ಭಾಗ ಹಂಚಿಕೊಂಡಂತಾಯಿತು.

ಆ ಯೋಚನೆ ದೊಡ್ಡದಾಗಿ ಅರಳಿದ್ದು ಇರಾನಿನ ಇಸ್ಫಹಾನ್‌ನ ಶುಕ್ರವಾರದ ಮಸೀದಿಯಲ್ಲಿ. ಅಲ್ಲಿ ಎರಡು ಗುಮ್ಮಟಗಳಿವೆ, ಎರಡರ ಹಿಂದೆಯೂ ಒಂದು ಜಿದ್ದು ಇದೆ. ಸೆಲ್ಜುಕ್ ಸುಲ್ತಾನ ಮಲಿಕ್ ಶಾನ ವಜೀರ ನಿಜಾಮುಲ್ ಮುಲ್ಕ್ 1086-87ರಲ್ಲಿ ದಕ್ಷಿಣದ ದೊಡ್ಡ ಗುಮ್ಮಟ ಕಟ್ಟಿಸಿದ. ಅವನಿಗೆ ಆಸ್ಥಾನದಲ್ಲಿ ಆಗದವನು ತಾಜುಲ್ ಮುಲ್ಕ್. ಅವನು 1088ರಲ್ಲಿ ಮಸೀದಿಯ ಇನ್ನೊಂದು ತುದಿಗೆ, ಉತ್ತರದಲ್ಲಿ, ತನ್ನದೊಂದು ಗುಮ್ಮಟ ಎಬ್ಬಿಸಿದ. ಗಾತ್ರದಲ್ಲಿ ಚಿಕ್ಕದು. ಅಗಲ ಸುಮಾರು 10 ಮೀಟರ್, ಎತ್ತರ ಸುಮಾರು 20 ಮೀಟರ್.

ಯಾರು ಗೆದ್ದರು ಅಂತ ಕೇಳಿದರೆ ನಾನು ಎರಡು ಸಲ ಯೋಚನೆ ಮಾಡದೆ ಚಿಕ್ಕದರ ಕಡೆ ಕೈ ತೋರಿಸುತ್ತೇನೆ. ನೆಲದಿಂದ ಹೊರಟ ಗೆರೆ ಎಲ್ಲೂ ಕಡಿಯುವುದಿಲ್ಲ. ಗೋಡೆ ಮೇಲಿನ ಸಣ್ಣ ಕಂಬದ ಗೆರೆ ಮೇಲೆ ಹೋಗಿ ಕಮಾನಿನ ಅಂಚಾಗುತ್ತದೆ. ಆ ಕಮಾನಿನ ಒಳಗೇ ಮೂರು ಭಾಗದ ಮೂಲೆಗಮಾನು ಕೂತಿದೆ. ಅದರ ಮೇಲೆ ಹದಿನಾರು ಸಣ್ಣ ಕಮಾನುಗಳ ಸಾಲು. ಅದರ ಮೇಲೆ ಗುಮ್ಮಟ. ಗುಮ್ಮಟದ ಹೊಟ್ಟೆಯಲ್ಲಿ ಇಟ್ಟಿಗೆಯ ಎಳೆಗಳು ಹೆಣೆದು ಐದು ಮೂಲೆಯ ನಕ್ಷತ್ರ ಮೂಡಿದೆ. ನಾಲ್ಕು, ಎಂಟು, ಹದಿನಾರು ಅಂತ ಬಂದ ಲೆಕ್ಕಕ್ಕೆ ಮೇಲೆ ಐದು! ಡ್ರಾಫ್ಟರ್, ಕಂಪಾಸು ಹಿಡಿದವರಿಗೆ ಗೊತ್ತು, ಎಂಟರ ಮೇಲೆ ಐದನ್ನು ಸರಿಯಾಗಿ ಕೂರಿಸುವುದು ಎಷ್ಟು ತ್ರಾಸು ಅಂತ. ಮಾಡಿದವನಿಗೆ ಜ್ಯಾಮಿತಿ ಎಷ್ಟು ಸಲೀಸಾಗಿ ಬರುತ್ತಿತ್ತು ಅನ್ನುವುದು ಆ ನಕ್ಷತ್ರ ನೋಡಿದರೆ ತಿಳಿಯುತ್ತದೆ. ಒಂಬೈನೂರು ವರ್ಷಕ್ಕೂ ಹೆಚ್ಚು ಕಾಲ, ಭೂಕಂಪದ ನಾಡಿನಲ್ಲಿ, ಇದು ನಿಂತಿದೆ.

ಇಸ್ಫಹಾನ್‌ನ ಮೂರು ತುಣುಕನ್ನು ಇನ್ನೂ ಒಡೆದರೆ? ಆರು, ಹನ್ನೆರಡು, ಇಪ್ಪತ್ತು? ಸಾಲಿನ ಮೇಲೆ ಸಾಲು ಚಾಚುತ್ತಾ ಹೋದರೆ? ಆಗ ಬರುವುದು ಮುಕರ್ನಸ್. ಫೋಟೊದಲ್ಲಿ ನೋಡಿರುತ್ತೀರಿ. ಬಾಗಿಲ ಮೇಲೆ, ಮೂಲೆಯಲ್ಲಿ, ಗೂಡುಗೂಡಾಗಿ ಇಳಿಬಿದ್ದಿರುತ್ತದೆ. ಸ್ಪೇನಿನ ಗ್ರನಾಡಾದಲ್ಲಿ, ಅಲ್ಹಂಬ್ರಾ ಅರಮನೆಯ ಇಬ್ಬರು ಅಕ್ಕತಂಗಿಯರ ಸಭಾಂಗಣದಲ್ಲಿ, 5,000ಕ್ಕೂ ಹೆಚ್ಚು ತುಣುಕುಗಳ ಇಡೀ ಗುಮ್ಮಟವೇ ಹೀಗಿದೆ. ಹದಿನಾಲ್ಕನೇ ಶತಮಾನದ್ದು, ಗಾರೆಯ ಕೆಲಸ. ಚೆಂದವೋ ಚೆಂದ. ಆದರೆ ನನ್ನ ಮನಸ್ಸು ಅಲ್ಲಿ ಜಾಸ್ತಿ ನಿಲ್ಲುವುದಿಲ್ಲ. ಅದು ಭಾರ ಹೊರುವುದಿಲ್ಲ, ಭಾರ ಹೊರುವ ಚಾವಣಿ ಬೇರೆ ಇದೆ. ಕೆಲಸ ಮಾಡುವ ಮೂಲೆ ನನಗೆ ಯಾವತ್ತೂ ಹೆಚ್ಚು ಇಷ್ಟ.

ಹಾಗಂತ ಮುಕರ್ನಸ್ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಯಾಕೆಂದರೆ ಅದರ ಪ್ಲಾನ್ ಹಾಕಿದವರ ಕೈಗುರುತು ಸಿಕ್ಕಿದೆ.

ಇರಾನಿನ ವಾಯವ್ಯದಲ್ಲಿ ತಖ್ತ್-ಎ-ಸುಲೇಮಾನ್ ಅಂತ ಒಂದು ಜಾಗ. ಒಂದು ಕೆರೆ, ಅದರ ಸುತ್ತ ಹಳೇ ಕಟ್ಟಡಗಳ ಅವಶೇಷ. 1270ರ ದಶಕದಲ್ಲಿ ಮಂಗೋಲ್ ದೊರೆ ಅಬಾಕಾ ಖಾನ್ ಅಲ್ಲಿ ಬೇಸಿಗೆ ಅರಮನೆ ಕಟ್ಟಿಸಿದ. ಜರ್ಮನಿಯ ಪುರಾತತ್ವದವರು ಅಗೆಯುವಾಗ ಒಂದು ಗಾರೆ ಹಲಗೆ ಸಿಕ್ಕಿತು. ಸುಮಾರು ಅರ್ಧ ಮೀಟರ್ ಚೌಕ. ಅದರ ಮೇಲೆ ಗೆರೆಗಳು. ಚೌಕ, ವಜ್ರಾಕಾರ, ತ್ರಿಕೋನಗಳನ್ನು ಒಂದಕ್ಕೊಂದು ತಾಗಿಸಿ ಕೊರೆದಿದ್ದಾರೆ. ಅದು ಮುಕರ್ನಸ್ ಚಾವಣಿಯ ಕಾಲು ಭಾಗದ ನಕ್ಷೆ. ಉಳಿದ ಮುಕ್ಕಾಲು ಭಾಗ ಬರೆಯಬೇಕಾಗಿಲ್ಲ, ಇದನ್ನೇ ತಿರುಗಿಸಿ ಜೋಡಿಸಿದರೆ ಆಯಿತು. ನಾನೂ ಪ್ಲಾನ್ ಹಾಕುವಾಗ ಎರಡೂ ಬದಿ ಒಂದೇ ರೀತಿ ಇದ್ದರೆ ಅರ್ಧ ಬರೆದು ಕಂಪ್ಯೂಟರಿನಲ್ಲಿ ಮಿರರ್ ಒತ್ತುತ್ತೇನೆ, ಅಲ್ವಾ? ಏಳುನೂರು ವರ್ಷಕ್ಕೂ ಹಿಂದೆ ಸೈಟಿನಲ್ಲಿ ಒಬ್ಬರು ಮಾಡಿದ್ದೂ ಅದನ್ನೇ. ಆ ಹಲಗೆಯ ಚಿತ್ರ ನನ್ನ ಆಫೀಸಿನ ಗೋಡೆ ಮೇಲೆ ಅಂಟಿಸಿದ್ದೇನೆ. ಬಂದವರು ಹೊಸ ಟೈಲ್ಸ್ ಡಿಸೈನಾ ಮೇಡಂ ಅಂತ ಕೇಳುತ್ತಾರೆ. ಕೂರಿಸಿಕೊಂಡು ಹೇಳುತ್ತೇನೆ.

ಆ ನಕ್ಷೆಯಲ್ಲಿ ಎತ್ತರ ಎಲ್ಲೂ ಬರೆದಿಲ್ಲ. ನೆಲದ ಮೇಲಿನ ಆಕಾರ ಮಾತ್ರ. ತುಣುಕುಗಳ ಎತ್ತರ, ಬಾಗು ಎಲ್ಲ ಕೆಲಸಗಾರನಿಗೆ ಮೊದಲೇ ಗೊತ್ತಿರುತ್ತಿತ್ತು. ಚಪ್ಪಟೆ ನಕ್ಷೆಯಿಂದ ಮೂರು ಆಯಾಮದ ಚಾವಣಿ ಎಬ್ಬಿಸುವ ವಿದ್ಯೆ ಕೈಯಲ್ಲಿತ್ತು.

ಇನ್ನೊಬ್ಬರನ್ನು ನೆನೆಯದೆ ಇದ್ದರೆ ತಪ್ಪಾಗುತ್ತದೆ. ಗಿಯಾಸುದ್ದೀನ್ ಜಮ್‌ಶೀದ್ ಅಲ್-ಕಾಶಿ. ಸಮರ್ಕಂದದಲ್ಲಿ ದೊರೆ ಉಲುಗ್ ಬೇಗ್‌ನ ನಕ್ಷತ್ರ ವೀಕ್ಷಣಾಲಯದಲ್ಲಿ ಇದ್ದ ದೊಡ್ಡ ಗಣಿತಜ್ಞ. ಪೈ ಬೆಲೆಯನ್ನು 16 ದಶಮಾಂಶ ಸ್ಥಾನದ ತನಕ ಲೆಕ್ಕ ಹಾಕಿದವನು. ಅವನು 1427ರಲ್ಲಿ ಮುಗಿಸಿದ ಗಣಿತದ ಪುಸ್ತಕದಲ್ಲಿ ಕಟ್ಟಡಗಳ ಅಳತೆಗೇ ಒಂದು ಭಾಗ ಇದೆ. ಕಮಾನು, ಗುಮ್ಮಟ, ಆಮೇಲೆ ಮುಕರ್ನಸ್. ಮುಕರ್ನಸ್ ಅಂದರೆ ಮೆಟ್ಟಿಲಿನ ಹಾಗಿರುವ ಚಾವಣಿ ಅನ್ನುತ್ತಾನೆ. ಅದರಲ್ಲಿ ನಾಲ್ಕು ಬಗೆ ಅಂತ ವಿಂಗಡಿಸುತ್ತಾನೆ. ಅತಿ ದೊಡ್ಡ ತುಣುಕಿನ ಬುಡದ ಉದ್ದವನ್ನು ಮಾನ ಅಂತ ಹಿಡಿದು, ಉಳಿದ ಎಲ್ಲ ಮುಖಗಳ ವಿಸ್ತೀರ್ಣ ಕಂಡುಹಿಡಿಯುವ ದಾರಿ ಹೇಳಿಕೊಡುತ್ತಾನೆ.

ನಕ್ಷತ್ರ ಎಣಿಸುವ ಮನುಷ್ಯನಿಗೆ ಗಾರೆ ಕೆಲಸದ ವಿಸ್ತೀರ್ಣ ಯಾಕೆ ಬೇಕಿತ್ತು? ಎಸ್ಟಿಮೇಟ್ ಮಾಡುವ ನನಗೆ ಅದು ಓದಿದ ಕೂಡಲೇ ಅರ್ಥ ಆಯಿತು. ಎಷ್ಟು ಗಾರೆ ಬೇಕು, ಎಷ್ಟು ಹೆಂಚು ಬೇಕು, ಎಷ್ಟು ಕೂಲಿ ಕೊಡಬೇಕು, ಎಲ್ಲ ವಿಸ್ತೀರ್ಣದ ಮೇಲೆ ನಿಂತಿರುತ್ತದೆ. ಇವತ್ತೂ ಪ್ಲಾಸ್ಟರಿಂಗ್‌ಗೆ ಚದರಡಿ ಲೆಕ್ಕವೇ. ಬಾಗಿದ ಗೋಡೆಯ ಚದರಡಿ ಅಳೆಯುವಾಗ ಮೇಸ್ತ್ರಿಗೂ ಮನೆ ಮಾಲೀಕರಿಗೂ ವಾದ ಆಗುವುದನ್ನು ನೋಡಿದವಳು ನಾನು. ಇಂಥ ಕೆಲಸಕ್ಕೆ ಅಷ್ಟು ದೊಡ್ಡ ವಿದ್ವಾಂಸ ತನ್ನ ಸಮಯ ಕೊಟ್ಟ ಅನ್ನುವುದು ನನಗೆ ತುಂಬ ಗೌರವದ ವಿಷಯ.

ಮೂಲೆಯನ್ನು ಬೇರೆ ರೀತಿ ಗೆದ್ದವರೂ ಇದ್ದಾರೆ. ಜೆರುಸಲೇಮಿನ ಬಂಡೆಯ ಗುಮ್ಮಟ, 691-92ರದ್ದು, ಹೊರಗೋಡೆಯೇ ಎಂಟು ಬದಿ. ಒಳಗೆ ಕಂಬಗಳೂ ವೃತ್ತದಲ್ಲೇ ನಿಂತಿವೆ, ಗುಮ್ಮಟ ಮರದ್ದು. ಮೂಲೆಯ ತಕರಾರೇ ಇಲ್ಲ. ಇರಾನಿನ ಸುಲ್ತಾನಿಯಾದಲ್ಲಿ ಓಲ್ಜೈತು ದೊರೆಯ ಗೋರಿಯೂ ಹಾಗೇ. 1302ರಿಂದ 1312ರ ನಡುವೆ ಕಟ್ಟಿದ್ದು, ಕೋಣೆಯನ್ನೇ ಎಂಟು ಮೂಲೆಯದ್ದಾಗಿ ಮಾಡಿ ಸುಮಾರು 50 ಮೀಟರ್ ಎತ್ತರಕ್ಕೆ ಇಟ್ಟಿಗೆ ಗುಮ್ಮಟ ಎತ್ತಿದ್ದಾರೆ. ಟರ್ಕಿಯ ಕೊನ್ಯಾದಲ್ಲಿ 1251ರ ಕರತಾಯ್ ಮದರಸಾ ಇದೆ. ಅಲ್ಲಿ ಕಮಾನೇ ಇಲ್ಲ. ಪ್ರತಿ ಮೂಲೆಯಿಂದ ಐದು ಉದ್ದನೆಯ ತ್ರಿಕೋನಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಗುಮ್ಮಟದ ಅಂಚು ಹಿಡಿಯುತ್ತವೆ. ಪ್ರವಾದಿಗಳ, ಖಲೀಫರ ಹೆಸರುಗಳು ಆ ತ್ರಿಕೋನಗಳ ಹೆಂಚಿನ ಮೇಲೆ ಇವೆ. ಮೂಲೆಗೆ ಇಷ್ಟು ಮರ್ಯಾದೆ ಕೊಟ್ಟ ಕಟ್ಟಡ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ.

ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಹೋದಾಗ ನವರಂಗದಲ್ಲಿ ನಿಂತು ಮೇಲೆ ನೋಡಿ. ಬಾಳೆಮೊಗ್ಗು ತೂಗುವ ಆ ಚಾವಣಿಗಳು ಗುಂಡಗೆ ಹೇಗಾದವು? ನಾಲ್ಕು ತೊಲೆಗಳ ಚೌಕದ ಮೂಲೆಗಳಿಗೆ ಅಡ್ಡ ಕಲ್ಲು ಇಟ್ಟಿದ್ದಾರೆ. ಎಂಟಾಯಿತು. ಅದರ ಮೇಲೆ ಇನ್ನೊಂದು ಸುತ್ತು, ಇನ್ನೊಂದು ಸ್ವಲ್ಪ ಒಳಗೆ. ಕಮಾನಿಲ್ಲ, ಪ್ರತಿ ಕಲ್ಲೂ ಕೆಳಗಿನದಕ್ಕಿಂತ ಒಂದಿಷ್ಟು ಮುಂದೆ ಚಾಚಿ ಕೂತಿದೆ. ದೇವಸ್ಥಾನ ಆಗಿದ್ದು 1268ರಲ್ಲಿ. ನಮ್ಮ ಶಿಲ್ಪಿಗಳಿಗೂ ಮೂಲೆಯ ಪ್ರಶ್ನೆ ಗೊತ್ತಿತ್ತು, ಅವರದೇ ಉತ್ತರವೂ ಇತ್ತು.

ಅದೇ ಹೊತ್ತಿಗೆ ದೆಹಲಿಯಲ್ಲಿ ಈ ಎರಡು ಉತ್ತರಗಳು ಎದುರಾದವು. ತುರ್ಕ ದೊರೆಗಳಿಗೆ ಕಮಾನು, ಗುಮ್ಮಟ ಬೇಕು. ಕೈಗೆ ಸಿಕ್ಕ ಶಿಲ್ಪಿಗಳು ಕಲ್ಲು ಚಾಚಿ ಕಟ್ಟುವವರು. ಕುತುಬ್ ಮಿನಾರ್ ಪಕ್ಕದ ಮಸೀದಿಯ 1190ರ ದಶಕದ ಕಮಾನು ನೋಡಿದರೆ ಆಕಾರ ಕಮಾನಿನದು, ಕಲ್ಲು ಕೂತಿರುವುದು ನಮ್ಮ ದೇವಸ್ಥಾನದ ರೀತಿ. ಅಲ್ಲೇ ಇಲ್ತುಮಿಶ್‌ನ ಗೋರಿ ಇದೆ, ಸುಮಾರು 1235ರದ್ದು. ಮೂಲೆಗಮಾನೂ ಹಾಗೇ ಚಾಚು ಕಲ್ಲಿನದು. ಗುಮ್ಮಟ ಈಗ ಇಲ್ಲ, ಆಕಾಶ ಕಾಣುತ್ತದೆ. ಮೂಲೆಗಳು ಮಾತ್ರ ನಾಲ್ಕೂ ನಿಂತಿವೆ. ಬೆಣೆಕಲ್ಲು ಕೂರಿಸಿದ ನಿಜವಾದ ಕಮಾನು ದೆಹಲಿಯಲ್ಲಿ ಕಾಣುವುದು ಬಲ್ಬನ್‌ನ ಗೋರಿಯಲ್ಲಿ, 1287ರ ಸುಮಾರಿಗೆ. ಆಮೇಲೆ ಅಲಾವುದ್ದೀನ್ ಖಿಲ್ಜಿಯ 1311ರ ಅಲಾಯಿ ದರ್ವಾಜ. ಕೆಂಪು ಕಲ್ಲು, ಬಿಳಿ ಅಮೃತಶಿಲೆ. ಒಳಗೆ ಮೂಲೆಯಲ್ಲಿ ಕಮಾನಿನೊಳಗೆ ಕಮಾನು, ಅದರೊಳಗೆ ಕಮಾನು, ಸಾಲಾಗಿ ಹಿಂದಕ್ಕೆ ಸರಿಯುತ್ತವೆ. ಒಂದು ನೂರು ವರ್ಷದಲ್ಲಿ ಒಂದು ಕೈ ಇನ್ನೊಂದು ಕೈಯಿಂದ ಕಲಿತದ್ದು ಆ ಆವರಣದಲ್ಲಿ ಸುತ್ತಿದರೆ ಕಾಣುತ್ತದೆ. ಟೂರಿಗೆ ಹೋದವರು ಮಿನಾರ್ ಮುಂದೆ ಫೋಟೊ ತೆಗೆದು ಬಂದುಬಿಡುತ್ತಾರೆ. ಬೇಜಾರಾಗುತ್ತದೆ.

ದಖ್ಖನ್‌ಗೆ ಬಂದರೆ ನಮ್ಮ ರಾಜ್ಯವೇ ಸಾಕು. ಕಲಬುರಗಿ ಕೋಟೆಯ ಒಳಗಿನ ಜಾಮಿಯಾ ಮಸೀದಿ 1367ರದ್ದು. ಇರಾನಿನ ಕಜ್ವೀನ್ ಊರಿನ ರಫಿ ಅನ್ನುವವನ ಹೆಸರು ಅದಕ್ಕೆ ಅಂಟಿಕೊಂಡಿದೆ. ಸಾಮಾನ್ಯವಾಗಿ ಮಸೀದಿಗೆ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೂ ಸೇರಿ ಎಲ್ಲ ಚಾವಣಿ ಕೆಳಗೆ. ಸಾಲು ಸಾಲು ಪುಟ್ಟ ಗುಮ್ಮಟಗಳು. ಒಂದೊಂದಕ್ಕೂ ನಾಲ್ಕು ಮೂಲೆ ಅಂದರೆ ಎಷ್ಟು ಮೂಲೆ ಕಟ್ಟಿರಬೇಡ! ಅಂಚಿನ ಓಣಿಗಳ ಕಮಾನು ತುಂಬ ಕೆಳಗಿನಿಂದ ಹೊರಟು ಅಗಲಕ್ಕೆ ಹರಡುತ್ತದೆ. ಅಂಥ ಕಮಾನು ನಾನು ಬೇರೆಲ್ಲೂ ನೋಡಿಲ್ಲ.

ವಿಜಯಪುರದವರು ಮಾಡಿದ್ದು ಇನ್ನೊಂದೇ. ಕಾಲ ಮಧ್ಯಯುಗ ದಾಟಿತ್ತು, ಆದರೆ ಪ್ರಶ್ನೆ ಅದೇ ಹಳೆಯದು. ಗೋಲ್‌ಗುಂಬಜ್‌ನ ಹಜಾರ ಒಳಗೆ ಒಂದೊಂದು ಬದಿ ಸುಮಾರು 135 ಅಡಿ. ಕಂಬ ಇಲ್ಲ. ನಮ್ಮ ಹತ್ತಡಿ ದರ್ಗಾಕ್ಕೆ ನಾಲ್ಕಡಿ ಕಮಾನು ಬೇಕಾಯಿತು. ಇಲ್ಲಿ ಮೂಲೆಗೆ ಅಡ್ಡ ಕಮಾನು ಹಾಕಬೇಕಾದರೆ 56 ಅಡಿ ಅಗಲ ಬೇಕು. ಅವರು ಅದನ್ನು ಹಾಕಲಿಲ್ಲ. ಎಂಟು ದೊಡ್ಡ ಕಮಾನುಗಳ ಕಾಲನ್ನು ಚೌಕದ ಬದಿಗಳ ಮೇಲೆ ನಿಲ್ಲಿಸಿ, ಮುಖವನ್ನು ಓರೆಯಾಗಿ ತಿರುಗಿಸಿದರು. ಮೇಲೆ ಹೋಗುತ್ತಾ ಅವು ಒಂದನ್ನೊಂದು ದಾಟುತ್ತವೆ. ರಂಗೋಲಿಯಲ್ಲಿ ಎರಡು ಚೌಕ ಒಂದರ ಮೇಲೊಂದು ತಿರುಗಿಸಿ ಎಳೆದರೆ ಬರುವ ಎಂಟು ಮೂಲೆಯ ನಕ್ಷತ್ರವೇ ಇದು. ನಡುವೆ ಉಳಿಯುವ ಎಂಟು ಬದಿಯ ಆಕಾರದ ಮೇಲೆ ಒಂದು ವೃತ್ತದ ಕಟ್ಟೆ, ಅದರ ಮೇಲೆ ಗುಮ್ಮಟ. ಕಟ್ಟೆ ಗೋಡೆಯಿಂದ ಒಳಕ್ಕೆ ಚಾಚಿಕೊಂಡಿರುವುದರಿಂದ ಗುಮ್ಮಟದ ಒಳಸುತ್ತಿಗೆ ಸುಮಾರು 11 ಅಡಿ ಅಗಲದ ಗ್ಯಾಲರಿ ಸಿಕ್ಕಿತು. ಪಿಸುಮಾತು ಕೇಳಲು ಎಲ್ಲರೂ ಹತ್ತುವುದು ಅದಕ್ಕೇ.

ಪಿಸುಮಾತಿನ ಗ್ಯಾಲರಿಯ ನಿಜವಾದ ಕೆಲಸ ಮಾತು ಕೇಳಿಸುವುದಲ್ಲ. ಗುಮ್ಮಟ ತನ್ನ ಭಾರದಿಂದ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ. ಇಟ್ಟಿಗೆ ಅದುಮಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಹಾಗಾಗಿ ಆ ತಳ್ಳುವಿಕೆಗೆ ಎದುರು ಏನಾದರೂ ನಿಲ್ಲಲೇಬೇಕು. ಇವತ್ತು ನಾವು ಸುತ್ತ ಕಬ್ಬಿಣ ಕಟ್ಟಿ ರಿಂಗ್ ಬೀಮ್ ಹಾಕಿಬಿಡುತ್ತೇವೆ. ಗೋಲ್‌ಗುಂಬಜ್‌ನಲ್ಲಿ ದಾಟುವ ಕಮಾನುಗಳ ಮೇಲೆ ಒಳಕ್ಕೆ ತೂಗುವ ಆ ದೊಡ್ಡ ಭಾರ ಇದೆ. ಗುಮ್ಮಟ ಹೊರಗೆ ಎಳೆದರೆ ಅದು ಒಳಗೆ ಎಳೆಯುತ್ತದೆ. ಗುಮ್ಮಟದ ದಪ್ಪ ಬುಡದಲ್ಲಿ ಸುಮಾರು 10 ಅಡಿ. ಒಳಗಿನ ಅಗಲ ಸುಮಾರು 124 ಅಡಿ. ಮುಹಮ್ಮದ್ ಆದಿಲ್ ಶಾ 1656ರಲ್ಲಿ ತೀರಿಕೊಂಡ, ಗೋರಿ ಅವನದೇ.

ಈ ದಾಟುವ ಕಮಾನು ಅಲ್ಲಿ ಏಕಾಏಕಿ ಬಂದದ್ದಲ್ಲ. ಅದೇ ಊರಿನ ಜಾಮಿಯಾ ಮಸೀದಿಯಲ್ಲಿ, 1570ರ ದಶಕದಲ್ಲಿ ಮೊದಲನೇ ಅಲಿ ಆದಿಲ್ ಶಾ ಶುರು ಮಾಡಿಸಿದ್ದರಲ್ಲಿ, ಇದೇ ಉಪಾಯ ಸಣ್ಣ ಅಳತೆಯಲ್ಲಿದೆ. ಇನ್ನೂ ಹಿಂದೆ ಹೋದರೆ ಸ್ಪೇನಿನ ಕೊರ್ದೊಬಾದ ಮಸೀದಿಯಲ್ಲಿ, 960ರ ದಶಕದಲ್ಲಿ ಎರಡನೇ ಅಲ್-ಹಕಮ್ ಸೇರಿಸಿದ ಭಾಗದಲ್ಲಿ, ಎಂಟು ಎಳೆಗಳು ಒಂದನ್ನೊಂದು ದಾಟಿ ನಕ್ಷತ್ರ ಮಾಡಿವೆ. ಅಲ್ಲಿಂದ ಇಲ್ಲಿಗೆ ಯಾರಾದರೂ ಹೊತ್ತು ತಂದರು ಅಂತ ನಾನು ಹೇಳುತ್ತಿಲ್ಲ. ಚೌಕ, ವೃತ್ತ ಎರಡನ್ನೂ ಎದುರಿಗಿಟ್ಟುಕೊಂಡು ಕೂತವರಿಗೆ ಕೆಲವು ದಾರಿಗಳು ತಾವಾಗಿಯೇ ಕಾಣುತ್ತವೆ.

ನಮ್ಮ ಶ್ರೀರಂಗಪಟ್ಟಣದ ಗುಂಬಜ್ ಇವೆಲ್ಲಕ್ಕಿಂತ ಬಹಳ ಈಚಿನದು. ಹೈದರಾಲಿ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ಕಟ್ಟಿಸಿದ್ದು. ಹೋದವರು ಹೊಳೆಯುವ ಕಪ್ಪು ಕಂಬ ಮುಟ್ಟುತ್ತಾರೆ, ಒಳಗೆ ಗೋಡೆ ಮೇಲಿನ ಹುಲಿಪಟ್ಟೆ ನೋಡುತ್ತಾರೆ, ಹೊರಗೆ ಬರುತ್ತಾರೆ. ಮುಂದಿನ ಸಲ ಹೋದಾಗ ಹುಲಿಪಟ್ಟೆಯ ಜೊತೆ ಕಣ್ಣನ್ನು ಹಾಗೇ ಮೇಲೆ ಒಯ್ಯಿರಿ. ಗೋಡೆ ಎಲ್ಲಿ ನಿಂತು ಗುಮ್ಮಟ ಎಲ್ಲಿ ಶುರುವಾಗುತ್ತದೆ, ನಡುವೆ ಏನು ಮಾಡಿದ್ದಾರೆ ಅಂತ ಹುಡುಕಿ. ಮಕ್ಕಳನ್ನು ಕರೆದುಕೊಂಡು ಹೋದರೆ ಎಷ್ಟು ಬದಿ ಇದೆ ಎಣಿಸಲು ಹೇಳಿ. ನನ್ನ ತಂಗಿ ಮಗಳು ಎಣಿಸೋಕೆ ಶುರು ಮಾಡಿದರೆ ಯಾರು ಕರೆದರೂ ಬರುವುದಿಲ್ಲ.

ವಿಜಯಪುರ ನೋಡುವ ಮನಸ್ಸಿದ್ದರೆ ಮೈಸೂರಿನಿಂದ ಹೊರಡುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಮಂಡ್ಯದಲ್ಲೂ ನಿಲ್ಲುತ್ತದೆ. ವಿಜಯಪುರದಲ್ಲಿ ಇಳಿದು ಮೊದಲು ಜಾಮಿಯಾ ಮಸೀದಿಗೆ ಹೋಗಿ. ದೊಡ್ಡ ಗುಮ್ಮಟದ ಕೆಳಗೆ ನಿಂತು ದಾಟುವ ಕಮಾನುಗಳನ್ನು ಒಂದೊಂದಾಗಿ ಕಣ್ಣಲ್ಲೇ ಹಿಡಿಯಿರಿ. ಅಳತೆ ಸಣ್ಣದಾದ್ದರಿಂದ ಅಲ್ಲಿ ಬೇಗ ಅರ್ಥವಾಗುತ್ತದೆ. ಆಮೇಲೆ ಗೋಲ್‌ಗುಂಬಜ್. ಒಳಗೆ ಹೋದ ಕೂಡಲೇ ಗ್ಯಾಲರಿ ಮೆಟ್ಟಿಲಿಗೆ ಓಡಬೇಡಿ. ಹಜಾರದ ಒಂದು ಬದಿಯಲ್ಲಿ ನಿಂತು ಒಂದೇ ಕಮಾನು ಆರಿಸಿಕೊಳ್ಳಿ. ಅದರ ಒಂದು ಕಾಲಿನಿಂದ ಶುರು ಮಾಡಿ ಮೇಲೆ ಹತ್ತಿ, ಅದು ಯಾವ ಯಾವ ಕಮಾನನ್ನು ದಾಟುತ್ತದೆ ನೋಡಿ, ಇನ್ನೊಂದು ಕಾಲು ಎಲ್ಲಿ ಇಳಿಯುತ್ತದೆ ಅಂತ ಹುಡುಕಿ. ಸುಮ್ನೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಅಲ್ಲ. ಕತ್ತು ನೋಯುತ್ತದೆ. ಒಂದು ಕಮಾನು ಹಿಡಿದರೆ ಉಳಿದ ಏಳು ತಾವೇ ಬಿಡಿಸಿಕೊಳ್ಳುತ್ತವೆ.

ರಜೆ ಇನ್ನೊಂದು ದಿನ ಸಿಕ್ಕರೆ ಕಲಬುರಗಿಗೂ ಹೋಗಿಬನ್ನಿ. ಕೋಟೆ ಮಸೀದಿ ನೋಡಿಕೊಂಡು ಊರಿನ ಪೂರ್ವಕ್ಕೆ ಹಫ್ತ್ ಗುಂಬಜ್ ಇದೆ, ಬಹಮನಿ ಸುಲ್ತಾನರ ಗೋರಿಗಳು. ಫಿರೋಜ್ ಶಾನದ್ದು ಎಲ್ಲಕ್ಕಿಂತ ದೊಡ್ಡದು, ಅವನು ತೀರಿಕೊಂಡದ್ದು 1422ರಲ್ಲಿ. ಗೋಡೆ ದಪ್ಪ, ಕಿಟಕಿ ಕಡಿಮೆ, ಮೂಲೆಗಮಾನಿನ ಒಳಭಾಗ ಹಗಲಲ್ಲೂ ಸರಿಯಾಗಿ ಕಾಣುವುದಿಲ್ಲ. ಒಳ್ಳೆಯ ಟಾರ್ಚ್ ಒಂದು ಚೀಲದಲ್ಲಿ ಇಟ್ಟುಕೊಳ್ಳಿ.